ಮಗುವಿನ ಬೆಳವಣಿಗೆಯಲ್ಲಿ ತೊಡಕು ಕಂಡಾಗ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗಾಗಿ ಬರೆದದ್ದು ಇದು. ಕರ್ನಾಟಕದಲ್ಲಿ ಸಿಗುವ ಸೌಲಭ್ಯಗಳನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಮಗುವಿಗೆ ಏನು ಮಾಡಿಸಬೇಕು ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ಆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುವ ತಾಯಿ ಊಟ ಮಾಡಿದಳೇ ಎಂದು ಕೇಳುವವರು ಕಡಿಮೆ. ಮನೆಯವರು ಕುಸಿದರೆ ಮಗುವಿನ ಚಿಕಿತ್ಸೆಯೂ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಮಗುವಿನ ವಿಷಯ, ಮನೆಯವರ ವಿಷಯ ಎರಡೂ ಬೆರೆತೇ ಬರುತ್ತವೆ.

ಎರಡು ವರ್ಷ ತುಂಬಿದರೂ ಮಗ ಮಾತಾಡುತ್ತಿಲ್ಲ. "ಇವರಪ್ಪನಿಗೂ ಮಾತು ಬಂದಿದ್ದು ನಾಲ್ಕು ವರ್ಷಕ್ಕೇ" ಅಂತಾರೆ ನಮ್ಮತ್ತೆ. ಇನ್ನೂ ಸ್ವಲ್ಪ ದಿನ ನೋಡೋಣವಾ?

ಬೇಡ, ಈಗಲೇ ತೋರಿಸಿ. ಅತ್ತೆಯ ಮಾತು ಸುಳ್ಳೇನಲ್ಲ. ತಡವಾಗಿ ಮಾತು ಬಂದು ಸರಿಹೋದ ಮಕ್ಕಳು ಇದ್ದಾರೆ. ಆದರೆ ನಿಮ್ಮ ಮಗನೂ ಹಾಗೆಯೇ ಸರಿಹೋಗುತ್ತಾನೆಯೇ ಎಂದು ಪರೀಕ್ಷಿಸದೆ ಯಾರೂ ಹೇಳಲಾರರು. ತೋರಿಸಿದ ಮೇಲೆ ಏನೂ ಇಲ್ಲ ಅಂತಾದರೆ ಹೋಗುವುದು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ತೊಂದರೆ ಇದ್ದೂ ಸುಮ್ಮನಿದ್ದರೆ ಹೋಗುವುದು ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ವರ್ಷಗಳು.

ಮಾತು ಬಾರದ ಯಾವ ಮಗುವಿಗಾದರೂ ಮೊದಲು ಮಾಡಿಸಬೇಕಾದ್ದು ಕಿವಿಯ ಪರೀಕ್ಷೆ. "ತಟ್ಟೆ ಬಡಿದೆವು, ತಿರುಗಿ ನೋಡಿದ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ದೊಡ್ಡ ಸದ್ದು ಕೇಳಿಸಿಯೂ ಮಾತಿನ ಸಣ್ಣ ಸ್ವರಗಳು ಕೇಳಿಸದ ಮಕ್ಕಳಿರುತ್ತಾರೆ. ಬಡಿಯುವ ಕೈ ಕಣ್ಣಂಚಿಗೆ ಕಂಡೂ ಮಗು ತಿರುಗಿರಬಹುದು. ಹುಟ್ಟಿದ ಮಗುವಿನ ಕಿವಿಯನ್ನು ಒಂದು ತಿಂಗಳೊಳಗೆ ಪರೀಕ್ಷಿಸಿ, ತೊಂದರೆ ಇದ್ದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಂಡು, ಆರು ತಿಂಗಳೊಳಗೆ ಶ್ರವಣ ಸಾಧನ ಹಾಕಿಸಿ ತರಬೇತಿ ಶುರು ಮಾಡಬೇಕು ಎಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಲೆಕ್ಕ. ಅದಕ್ಕೆ ಹೋಲಿಸಿದರೆ ಎರಡು ವರ್ಷ ಈಗಾಗಲೇ ತಡ.

ಹಾಗಾದರೆ ಯಾವ ವಯಸ್ಸಿಗೆ ಏನು ಬರದಿದ್ದರೆ ಎಚ್ಚೆತ್ತುಕೊಳ್ಳಬೇಕು?

ಎಲ್ಲ ಮಕ್ಕಳೂ ಒಂದೇ ಅಳತೆಗೆ ಬೆಳೆಯುವುದಿಲ್ಲ. ಆದರೂ ಕಾಯಬಾರದ ಕೆಲವು ಗಡಿಗಳಿವೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ತಾನಾಗಿ ಕೂರದಿದ್ದರೆ, ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ಅಥವಾ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಕೊಡು" ಎಂದು ಎರಡು ಪದ ಕೂಡಿಸಿ ಹೇಳದಿದ್ದರೆ ವೈದ್ಯರಿಗೆ ತೋರಿಸಿ. ಲಂಗೋಟಿ ಬದಲಿಸುವಾಗ ಕಾಲು ಬಿಗಿಯಾಗಿ ಕತ್ತರಿಯಂತೆ ಹೆಣೆದುಕೊಳ್ಳುವುದು, ಒಂದು ವರ್ಷದ ಮಗು ಎಲ್ಲದಕ್ಕೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇರುವುದು ಸಹ ಲಕ್ಷಣಗಳೇ. "ನಮ್ಮ ಮಗು ಎಡಚ" ಎಂದು ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ.

ಬಂದಿದ್ದ ಮಾತು, ನಗು, ಆಟ ಹೊರಟುಹೋದರೆ ಮಾತ್ರ ಯಾವ ವಯಸ್ಸಾದರೂ ಸರಿ, ಆ ವಾರವೇ ಹೋಗಿ.

ನಿಮ್ಮ ತಾಯಿ ಕಾರ್ಡಿನಲ್ಲೇ ಈ ಬೆಳವಣಿಗೆಯ ಹಂತಗಳ ಚಿತ್ರಗಳಿವೆ. ಚುಚ್ಚುಮದ್ದಿಗೆ ಹೋದಾಗ ಅದನ್ನು ಬಿಡಿಸಿ ತೋರಿಸಿ ಕೇಳಿ. ತಾಯಿಗೆ "ಏನೋ ಸರಿಯಿಲ್ಲ" ಅನ್ನಿಸಿದರೆ ಆ ಅನುಮಾನವನ್ನು ಮನೆಯವರು ತಳ್ಳಿಹಾಕಬಾರದು. ದಿನವಿಡೀ ಮಗುವಿನ ಜೊತೆ ಇರುವವಳು ಅವಳೇ.

ಅವಧಿಗೆ ಮುಂಚೆ ಹುಟ್ಟಿ ಐಸಿಯುನಲ್ಲಿದ್ದ ಮಗು. ಈಗ ಮನೆಗೆ ಬಂದಿದೆ. ಏನು ನೋಡಿಕೊಳ್ಳಬೇಕು?

ಮೊದಲು ಕಣ್ಣು. 34 ವಾರಕ್ಕೆ ಮುಂಚೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ಹಿಂಭಾಗದ ಪರದೆಯನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತಿರಬಹುದು. ಸಮಯಕ್ಕೆ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ, ತಪ್ಪಿದರೆ ಮರಳಿ ಬರುವುದಿಲ್ಲ. ಬಾಣಂತನದ ಗಡಿಬಿಡಿಯಲ್ಲಿ, "ತಿಂಗಳು ತುಂಬುವ ತನಕ ಹೊರಗೆ ಕರೆದೊಯ್ಯಬಾರದು" ಎಂಬ ಕಟ್ಟುಪಾಡಿನಲ್ಲಿ ಈ ದಿನ ತಪ್ಪಿಹೋಗುತ್ತದೆ. ದಯವಿಟ್ಟು ತಪ್ಪಿಸಬೇಡಿ. ಜೊತೆಗೆ ಕಿವಿಯ ಪರೀಕ್ಷೆ, ಆಮೇಲೆ ವೈದ್ಯರು ಹೇಳಿದ ತಿಂಗಳಿಗೆಲ್ಲ ಬೆಳವಣಿಗೆಯ ತಪಾಸಣೆ. ಹಂತಗಳನ್ನು ಲೆಕ್ಕ ಹಾಕುವಾಗ ಎರಡು ವರ್ಷದವರೆಗೆ ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಿದ್ದ ದಿನದಿಂದ ಎಣಿಸಿ.

ಮೊದಲು ಯಾರ ಹತ್ತಿರ ಹೋಗಬೇಕು? ಖಾಸಗಿ ಡಾಕ್ಟರಿಗೆ ತೋರಿಸುವಷ್ಟು ದುಡ್ಡಿಲ್ಲ.

ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಟೀಚರಿಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟುದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ, ಈ ನಾಲ್ಕನ್ನೂ ಹುಡುಕುವುದು ಅವರ ಕೆಲಸ. ತಂಡ ಬರುವ ತನಕ ಕಾಯಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ವಿಭಾಗ ಎಲ್ಲಿದೆ ಎಂದು ಕೇಳಿಕೊಂಡು ನೇರವಾಗಿ ಹೋಗಬಹುದು. ಮಕ್ಕಳ ತಜ್ಞರು, ಫಿಸಿಯೋಥೆರಪಿ, ಮಾತು ಮತ್ತು ಕಿವಿಯ ಪರೀಕ್ಷೆ ಒಂದೇ ಕಡೆ ಸಿಗಲಿ ಎಂದೇ ಆ ವಿಭಾಗ ಮಾಡಿರುವುದು. ಎಲ್ಲ ಜಿಲ್ಲೆಯಲ್ಲೂ ಎಲ್ಲ ಹುದ್ದೆ ತುಂಬಿರುವುದಿಲ್ಲ, ನಿಜ. ಅಲ್ಲಿಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಬರೆಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿಸಿಕೊಂಡು ಬರಬೇಡಿ, ಚೀಟಿ ಇದ್ದರೆ ಮುಂದಿನ ಆಸ್ಪತ್ರೆಯಲ್ಲಿ ಮರ್ಯಾದೆ ಬೇರೆ.

ಹೋಗುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ. ಮಗು ಹುಟ್ಟಿದ ತಕ್ಷಣ ಅತ್ತಿತೋ ಇಲ್ಲವೋ, ಕಾಮಾಲೆಗೆ ದೀಪದಡಿ ಇಟ್ಟಿದ್ದರೋ ಎಂಬುದೆಲ್ಲ ಅದರಲ್ಲಿರುತ್ತದೆ. ಮನೆಯಲ್ಲಿ ಮಗು ಆಡುವಾಗ, ಊಟ ಮಾಡುವಾಗ ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೋ ತೆಗೆದಿಡಿ. ಆಸ್ಪತ್ರೆಯಲ್ಲಿ ಮಗು ಅಳುತ್ತಾ ಕೂತರೆ ವೈದ್ಯರಿಗೆ ಏನೂ ಕಾಣುವುದಿಲ್ಲ.

ಒಳ್ಳೆಯ ಚಿಕಿತ್ಸೆ ಬೇಕೆಂದರೆ ಊರು ಬಿಟ್ಟು ಬೆಂಗಳೂರಿಗೆ ಹೋಗಲೇಬೇಕಾ?

ಖಚಿತವಾಗಿ ಏನೆಂದು ತಿಳಿಯಲು ಒಮ್ಮೆ ದೊಡ್ಡ ಕೇಂದ್ರಕ್ಕೆ ಹೋಗಿ ಬರುವುದು ಒಳ್ಳೆಯದು. ಅಲ್ಲೇ ಮನೆ ಮಾಡುವ ಅಗತ್ಯ ಬಹಳ ಕಡಿಮೆ ಮಕ್ಕಳಿಗೆ. ಮಾತು, ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಮಾನಸಗಂಗೋತ್ರಿಯಲ್ಲಿದೆ. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ತಾಯಿಯೂ ಮಗುವಿನ ಜೊತೆ ಕೂತು ಕಲಿಯುತ್ತಾಳೆ. ಆಟಿಸಂ (ಇತರರೊಡನೆ ಬೆರೆಯುವುದು, ಮಾತು, ವರ್ತನೆಯಲ್ಲಿ ತೊಡಕಾಗುವ ಬೆಳವಣಿಗೆಯ ತೊಂದರೆ), ಬುದ್ಧಿ ಬೆಳವಣಿಗೆ, ವರ್ತನೆಯ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಧ್ಯ ಕರ್ನಾಟಕದವರಿಗೆ ದಾವಣಗೆರೆಯಲ್ಲಿ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, 1959ರಿಂದ ವಿಕಲಚೇತನರಿಗಾಗಿ ಕೆಲಸ ಮಾಡುತ್ತಿರುವ ಎಪಿಡಿ ಸಂಸ್ಥೆ, 1980ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವೆ.

ಮಗುವಿಗಾಗಿ ಹೊಲ ಮಾರಿ, ಅಜ್ಜ ಅಜ್ಜಿಯನ್ನು ಊರಲ್ಲಿ ಬಿಟ್ಟು, ಒಂದು ರೂಮಿನ ಬಾಡಿಗೆ ಮನೆಗೆ ಬಂದ ಸಂಸಾರಗಳನ್ನು ಕಂಡಿದ್ದೇನೆ. ಅಪ್ಪ ಹನ್ನೆರಡು ಗಂಟೆ ದುಡಿಯಲು ಹೋಗುತ್ತಾನೆ, ತಾಯಿ ಮಗು ನಾಲ್ಕು ಗೋಡೆಯೊಳಗೆ. ವಾರಕ್ಕೆ ಮೂರು ಗಂಟೆ ಥೆರಪಿ ಸಿಕ್ಕಿತು. ಆದರೆ ಜಗಲಿ, ಅಂಗಳ, ಎತ್ತಿಕೊಳ್ಳುವ ಹತ್ತು ಕೈ ಎಲ್ಲ ಹೋಯಿತು. ಊರು ಬಿಡುವ ಮುಂಚೆ ಥೆರಪಿಸ್ಟರನ್ನು ಕೇಳಿ: "ಮನೆಯಲ್ಲಿ ಮಾಡುವುದನ್ನು ನಮಗೆ ಕಲಿಸಿ, ತಿಂಗಳಿಗೊಮ್ಮೆ ಬಂದು ತೋರಿಸಿದರೆ ಆಗುತ್ತದಾ?" ಬಹಳ ಸಲ ಆಗುತ್ತದೆ.

ವಾರಕ್ಕೆ ಎರಡು ದಿನ ಥೆರಪಿಗೆ ಹೋಗುತ್ತೇವೆ. ಅಷ್ಟು ಸಾಕಾ?

ಆ ಎರಡು ದಿನ ಕಲಿಯುವುದಕ್ಕೆ, ಉಳಿದ ಐದು ದಿನ ಮಾಡುವುದಕ್ಕೆ. ಚಾಪೆ ಹಾಸಿ, ಗಡಿಯಾರ ನೋಡಿಕೊಂಡು, ಅಳುವ ಮಗುವನ್ನು ಹಿಡಿದು ಮಾಡಿಸುವುದು ಬಹಳ ದಿನ ನಡೆಯುವುದಿಲ್ಲ. ತಾಯಿಗೂ ಸಾಕಾಗುತ್ತದೆ. ದಿನದ ಕೆಲಸದೊಳಗೇ ಸೇರಿಸಿ. ಸ್ನಾನ ಮಾಡಿಸುವಾಗ "ಕೈ ಕೊಡು, ಕಾಲು ಕೊಡು" ಎನ್ನಿ, ಮಗು ತಾನೇ ಕೊಡುವವರೆಗೆ ಒಂದು ಉಸಿರು ಕಾಯಿರಿ. ಅಂಗಿ ಹಾಕುವಾಗ ಕೊನೆಯ ತೋಳನ್ನು ಅವನೇ ತೂರಿಸಲಿ. ಅವರೆಕಾಯಿ ಸುಲಿಯುವಾಗ, ಬಟಾಣಿ ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡರೆ ಬೆರಳಿಗೆ ಕೆಲಸ. ಚಪಾತಿ ಹಿಟ್ಟಿನ ಉಂಡೆಯೂ ಅಷ್ಟೇ. ಬಾಳೆಹಣ್ಣು ಕೈಗೆ ಕೊಟ್ಟುಬಿಡುವ ಬದಲು ಕಣ್ಣಿಗೆ ಕಾಣುವಂತೆ ಸ್ವಲ್ಪ ಎತ್ತರದಲ್ಲಿಡಿ. ಬೆರಳು ತೋರಿಸಿದರೆ, "ಆ" ಎಂದರೆ, ಕಣ್ಣಿಟ್ಟು ನೋಡಿದರೆ ತಕ್ಷಣ ಕೊಡಿ. ಕೇಳಿದರೆ ಸಿಗುತ್ತದೆ ಎಂದು ಗೊತ್ತಾದ ಮಗು ಮತ್ತೆ ಕೇಳುತ್ತದೆ.

ಅಜ್ಜಿ ಹೇಳುವ "ಆನೆ ಬಂತೊಂದಾನೆ" ಥರದ ಪ್ರಾಸದ ಪದಗಳು, ಕೈ ತಟ್ಟಿಸಿ ಆಡಿಸುವ ಆಟಗಳು ದುಬಾರಿ ಆಟಿಕೆಗಿಂತ ಉಪಯುಕ್ತ. ಒಂದೇ ಸಾಲನ್ನು ದಿನವೂ ಹೇಳಿ, ಕೊನೆಯ ಪದ ಬಿಟ್ಟು ಸುಮ್ಮನಾಗಿ ನೋಡಿ.

ಥೆರಪಿಸ್ಟ್ ಅರ್ಹರೇ ಎಂದು ಕೇಳಲು ಸಂಕೋಚ ಬೇಡ. ಮಾತಿನ ಚಿಕಿತ್ಸಕರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ. ನಿಮ್ಮನ್ನು ಒಳಗೆ ಬಿಡದೆ, ಏನು ಮಾಡಿಸಿದರೆಂದು ಹೇಳದೆ, ಬಾಗಿಲು ಹಾಕಿಕೊಂಡು ಮಗುವನ್ನು ವಾಪಸ್ ಕೊಡುವ ಕಡೆ ನಾನಾದರೆ ಕಳಿಸುವುದಿಲ್ಲ.

"ಮಗುವಿನ ಜೊತೆ ಬರೀ ಇಂಗ್ಲಿಷ್ ಮಾತಾಡಿ, ಎರಡು ಭಾಷೆ ಆದರೆ ಗೊಂದಲ" ಅಂದರು. ಹೌದಾ?

ಅಲ್ಲ. ಎರಡು ಭಾಷೆ ಕೇಳಿಸಿಕೊಂಡು ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಇರುವ ಮಕ್ಕಳಿಗೂ ಇದರಿಂದ ಹಾನಿಯಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ಕನ್ನಡವಿರಲಿ, ತುಳು, ಕೊಂಕಣಿ, ಬ್ಯಾರಿ, ಲಂಬಾಣಿ ಇರಲಿ. ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎಂದು ಮೂರೇ ಪದ ಹೇಳುವ ತಾಯಿ, ತನ್ನ ಭಾಷೆಯಲ್ಲಾದರೆ ಮುದ್ದಿಸುತ್ತಾಳೆ, ಗದರುತ್ತಾಳೆ, ಕಥೆ ಹೇಳುತ್ತಾಳೆ. ಮಗುವಿಗೆ ಬೇಕಾದ್ದು ಅದು. ಅಜ್ಜಿಗೂ ಬರದ ಭಾಷೆಯನ್ನು ಮನೆಗೆ ತಂದರೆ ಮಗುವಿಗೆ ಮಾತಾಡುವ ಒಬ್ಬರು ಕಡಿಮೆಯಾಗುತ್ತಾರೆ. ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಲ್ಲಿರುವ ಕನ್ನಡದ ಮನೆಗಳಿಗೂ ಇದೇ ಉತ್ತರ.

ಕಿವುಡು ಮಗುವಿಗೆ ಸನ್ನೆ ಕಲಿಸಿದರೆ ಮಾತು ಬರುವುದೇ ಇಲ್ಲ ಎಂಬುದೂ ಹೀಗೆಯೇ ತಪ್ಪು ತಿಳಿವಳಿಕೆ. ಮಾತಿಗೆ ದಾರಿಯಾಗುವ ಯಾವುದನ್ನೂ ತಡೆಯಬೇಡಿ.

ಮೊಬೈಲ್ ತೋರಿಸಿದ್ದಕ್ಕೇ ಹೀಗಾಯಿತಾ?

ಮೊಬೈಲಿನಿಂದ ಆಟಿಸಂ ಬರುತ್ತದೆ ಎಂದು ಸಾಬೀತಾಗಿಲ್ಲ, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಮೊಬೈಲ್ ನೋಡುವ ಹೊತ್ತು ಮಗು ಯಾರ ಜೊತೆಗೂ ಮಾತಾಡುತ್ತಿರುವುದಿಲ್ಲ. ಎರಡು ವರ್ಷದೊಳಗೆ ಬೇಡವೇ ಬೇಡ, ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತಾರೆ ಭಾರತದ ಮಕ್ಕಳ ತಜ್ಞರು. ಊಟದ ಹೊತ್ತಿನಿಂದ ಬಿಡಿಸಲು ಶುರು ಮಾಡಿ. ಚುಚ್ಚುಮದ್ದಿನಿಂದ ಆಟಿಸಂ ಬರುತ್ತದೆ ಎಂಬುದಂತೂ ಶುದ್ಧ ಸುಳ್ಳು. ಯಾವ ಲಸಿಕೆಯನ್ನೂ ತಪ್ಪಿಸಬೇಡಿ.

ಇದು ಪೂರ್ತಿ ವಾಸಿಯಾಗುತ್ತದಾ? ಸ್ಟೆಮ್ ಸೆಲ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಜಾಹೀರಾತು ನೋಡಿದೆವು.

ಯಾವ ತೊಂದರೆ ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ್ದರೆ ಎಳೆಯ ವಯಸ್ಸಿನಲ್ಲೇ ವಾರಕ್ಕೊಮ್ಮೆ ಪ್ಲಾಸ್ಟರ್ ಕಟ್ಟು ಹಾಕಿ, ಆಮೇಲೆ ಸುಮಾರು ಮೂರು ತಿಂಗಳು ಹಗಲೂ ರಾತ್ರಿ, ನಂತರ ನಾಲ್ಕು ವರ್ಷದವರೆಗೆ ರಾತ್ರಿ ವಿಶೇಷ ಬೂಟು ಹಾಕಿದರೆ ಮಗು ಎಲ್ಲರಂತೆ ಓಡುತ್ತದೆ. ಮಧ್ಯದಲ್ಲಿ ಬೂಟು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಸೀಳುತುಟಿಗೆ ಶಸ್ತ್ರಚಿಕಿತ್ಸೆ ಇದೆ. ಹುಟ್ಟು ಕಿವುಡಿಗೆ ಶ್ರವಣ ಸಾಧನ, ಅದು ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ). ಇದರ ಲಕ್ಷಗಟ್ಟಲೆ ಖರ್ಚನ್ನು ಸಣ್ಣ ಮಕ್ಕಳಿಗೆ ಸರ್ಕಾರವೇ ಭರಿಸುವ ಯೋಜನೆಗಳಿವೆ, ವಯಸ್ಸು ಮೀರುವ ಮುಂಚೆ ಹೋಗಬೇಕು. ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ತೊಂದರೆ), ಆಟಿಸಂ, ಡೌನ್ ಸಿಂಡ್ರೋಮ್ (ವಂಶವಾಹಿಯ ಬದಲಾವಣೆಯಿಂದ ಹುಟ್ಟಿನಿಂದಲೇ ಇರುವ ತೊಂದರೆ) ಮಾತ್ರೆಯಿಂದ ಮಾಯವಾಗುವಂಥವಲ್ಲ. ಆದರೆ ಈ ಮಕ್ಕಳೂ ಕಲಿಯುತ್ತಾರೆ, ವರ್ಷ ವರ್ಷಕ್ಕೂ ಮುಂದೆ ಹೋಗುತ್ತಾರೆ. ಎಷ್ಟು ಎಂದು ಎರಡು ವರ್ಷದ ಮಗುವನ್ನು ನೋಡಿ ಯಾರಿಗೂ ಹೇಳಲಾಗದು.

ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸಾಬೀತಾದದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಸಂಶೋಧನೆಯ ಹೊರಗೆ ಅದನ್ನು ಬಳಸುವಂತಿಲ್ಲ. ಸಂಶೋಧನೆಗೆ ಸೇರಿಸಿಕೊಳ್ಳುವವರು ಹಣ ಕೇಳುವುದಿಲ್ಲ. ಲಕ್ಷ ಕೇಳುತ್ತಾರೆಂದರೆ ಎದ್ದು ಬನ್ನಿ. ಆ ಹಣದಲ್ಲಿ ವರ್ಷಗಟ್ಟಲೆ ಥೆರಪಿ ಆಗುತ್ತದೆ.

ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದೇವೆ. ತಪ್ಪಾ?

ಖಂಡಿತ ತಪ್ಪಲ್ಲ. ನಂಬಿಕೆ ಮನಸ್ಸಿಗೆ ಬಲ ಕೊಡುತ್ತದೆ, ಹೋಗಿ ಬನ್ನಿ. ಔಷಧ, ವ್ಯಾಯಾಮ ನಿಲ್ಲಿಸಬೇಡಿ ಅಷ್ಟೇ. ಬರೆ ಹಾಕುವುದು, ಉಪವಾಸ ಕೆಡವುವುದು, ಯಾವುದೆಂದು ಗೊತ್ತಿಲ್ಲದ ಪುಡಿ ಕುಡಿಸುವುದು ಮಾತ್ರ ಬೇಡ. ಮಗುವಿನ ಮೈಗೆ ನೋವಾಗುವ ಯಾವುದಕ್ಕೂ ಒಪ್ಪಬೇಡಿ, ಹೇಳಿದವರು ಎಷ್ಟೇ ಹಿರಿಯರಾಗಿರಲಿ.

ಮಗುವಿಗೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುತ್ತಾರಲ್ಲ?

ಕಬ್ಬಿಣ, ಬೀಗದ ಕೈ, ಈರುಳ್ಳಿ ಯಾವುದೂ ಬೇಡ. ಬಾಯಿಗೆ ಚಮಚ, ಬಟ್ಟೆ, ನೀರು ಹಾಕಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಬಳಿ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ನಿಂತಿದೆ ಎಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಸೆರೆಬ್ರಲ್ ಪಾಲ್ಸಿ ಇರುವ ಮಗಳಿಗೆ ಊಟ ಮಾಡಿಸಲು ಎರಡು ಗಂಟೆ ಹಿಡಿಯುತ್ತದೆ. ಮತ್ತೆ ಮತ್ತೆ ಕೆಮ್ಮು, ಕಫ.

ಊಟದ ಹೊತ್ತಿಗೇ ಕೆಮ್ಮು ಬರುತ್ತಿದ್ದರೆ ಅನ್ನ ನೀರು ಶ್ವಾಸನಾಳಕ್ಕೆ ಹೋಗುತ್ತಿರಬಹುದು. ವೈದ್ಯರಿಗೆ ಇದನ್ನು ಬಿಡಿಸಿ ಹೇಳಿ. ಕಾಲ ಮೇಲೆ ಅಂಗಾತ ಮಲಗಿಸಿ ಹುಯ್ಯುವುದನ್ನು ಇಂದೇ ಬಿಡಿ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಕ್ಕೆ ಇರುವಂತೆ ಕೂರಿಸಿ, ಎದುರಿಗೆ ಕೂತು, ಮೊದಲು ಕೊಟ್ಟ ತುತ್ತು ನುಂಗಿದ ಮೇಲೆ ಇನ್ನೊಂದು ಕೊಡಿ. ನೀರಾದ ಗಂಜಿಗಿಂತ ಗಟ್ಟಿ ರಾಗಿ ಸರಿ ನುಂಗಲು ಸುಲಭ. ಮೇಲೆ ಒಂದು ಚಮಚ ತುಪ್ಪ ಹಾಕಿ, ಕಡಿಮೆ ತುತ್ತಿನಲ್ಲಿ ಹೆಚ್ಚು ಶಕ್ತಿ ಸಿಗಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆ ಮೂರು ಸಲ ಎರಡೆರಡು ಗಂಟೆ ಎಂದರೆ ಆ ತಾಯಿಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಒಂದು ಹೊತ್ತಿನ ಊಟವನ್ನಾದರೂ ಮನೆಯ ಇನ್ನೊಬ್ಬರು ಕಲಿತು ಮಾಡಿಸಬೇಕು. ಇದು ಸಲಹೆಯಲ್ಲ, ಒತ್ತಾಯ.

ಅಂಗವಿಕಲ ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಕಟ್ಟಿದಂತೆ ಅಲ್ಲವಾ?

ಹಣೆಪಟ್ಟಿ ಕಟ್ಟುವವರು ಕಾಗದ ನೋಡಿ ಕಟ್ಟುವುದಿಲ್ಲ. ಕಾಗದ ಇದ್ದರೆ ಸೌಲಭ್ಯ ಕೇಳುವ ಹಕ್ಕಾದರೂ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. ಆಟಿಸಂ, ಸ್ನಾಯುಕ್ಷಯ, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಲ್ಲ ಈಗ ಸೇರಿವೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರಬೇಕು.

ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಪ್ರಮಾಣಪತ್ರ ಮತ್ತು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಎರಡೂ ಅದರಿಂದಲೇ ಬರುತ್ತವೆ. ಆಧಾರ್, ಫೋಟೋ, ವಿಳಾಸದ ದಾಖಲೆ, ವೈದ್ಯರ ಕಾಗದಗಳು ಬೇಕು. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ತಾತ್ಕಾಲಿಕ ಪ್ರಮಾಣಪತ್ರ. ಐದು ವರ್ಷದೊಳಗಿನ ಮಗುವಿಗೆ "ಬೆಳವಣಿಗೆಯಲ್ಲಿ ಹಿಂದುಳಿದಿದೆ" ಎಂದಷ್ಟೇ ಬರೆಯುತ್ತಾರೆ, ಬುದ್ಧಿಮಟ್ಟದ ತೀರ್ಮಾನ ಆಮೇಲೆ. ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪ್ರಮಾಣಪತ್ರದ ಅವಧಿ ಮುಗಿದು ಮಾಸಾಶನ ನಿಂತ ಮೇಲೆ ಓಡಾಡುವುದು ಬಹಳ ಕಷ್ಟ.

ಕೈಗೆ ಏನು ಸಿಗುತ್ತದೆ?

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ನ್ಯೂನತೆಯ ಪ್ರಮಾಣದ ಮೇಲೆ ಮೊತ್ತ ನಿಂತಿರುತ್ತದೆ, ವರಮಾನದ ಮಿತಿಯೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ಇದರ ದೊಡ್ಡ ಅನುಕೂಲ ಏನೆಂದರೆ ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಥೆರಪಿಯ ಖರ್ಚೂ ಒಂದು ಮಿತಿಯವರೆಗೆ ಸಿಗುತ್ತದೆ, ಮುಂಚೆಯೇ ಇದ್ದ ತೊಂದರೆ ಎಂದು ತಳ್ಳಿಹಾಕುವುದಿಲ್ಲ. ಬಿಲ್ಲುಗಳನ್ನು ಜೋಪಾನ ಮಾಡಿ, ಪ್ರತಿ ವರ್ಷ ನವೀಕರಿಸಿ. ಗಾಲಿಕುರ್ಚಿ, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್, ಶ್ರವಣ ಸಾಧನಗಳು ಕೇಂದ್ರದ ಅಡಿಪ್ ಯೋಜನೆಯಲ್ಲಿ ಉಚಿತ ಅಥವಾ ರಿಯಾಯಿತಿ. ಬಸ್ ಪಾಸು, ಕೆಲವು ನ್ಯೂನತೆಗಳಿಗೆ ಜೊತೆಗೆ ಬರುವವರಿಗೂ ಸೇರಿ ರೈಲು ರಿಯಾಯಿತಿ ಇದೆ. ಸಂಬಳದ ಮನೆಯವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 75,000 ರೂಪಾಯಿ, ತೀವ್ರ ನ್ಯೂನತೆಗೆ 1,25,000 ರೂಪಾಯಿ ಕಡಿತ ಕೇಳಬಹುದು.

ಇಷ್ಟೆಲ್ಲ ಒಬ್ಬರೇ ಓಡಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇರುತ್ತಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಅವರೂ ಹೆಚ್ಚಾಗಿ ವಿಕಲಚೇತನರೇ, ಯಾವ ಮೇಜಿಗೆ ಯಾವ ಕಾಗದ ಎಂಬುದು ಅವರಿಗೆ ಗೊತ್ತು. ಪಂಚಾಯಿತಿ ತನ್ನ ವರಮಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಅಂಗನವಾಡಿಗೆ, ಶಾಲೆಗೆ ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳಲೇಬೇಕು. ಅಂಗನವಾಡಿಯಲ್ಲಿ ಇಂಥ ಮಕ್ಕಳನ್ನು ಗುರುತಿಸಿ ಜೊತೆಗೇ ಕಲಿಸುವ ಬಗ್ಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. 6ರಿಂದ 18 ವರ್ಷದವರೆಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ ಹತ್ತಿರದ ಶಾಲೆಯಲ್ಲೋ ಅಥವಾ ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ 2016ರ ಕಾಯ್ದೆ ಕೊಟ್ಟ ಹಕ್ಕು. ಸರ್ಕಾರಿ ಶಾಲೆಗಳಿಗೆ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಚಾರಿಸಿ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವಿದೆ. ಆದರೆ ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಎತ್ತಿಕೊಂಡಾದರೂ ಶಾಲೆಗೆ ಕರೆದೊಯ್ಯಬಹುದಾದ ಮಗುವನ್ನು ಮನೆಯಲ್ಲಿಟ್ಟರೆ ಅದಕ್ಕೆ ಗೆಳೆಯರು ಸಿಗುವುದಿಲ್ಲ.

ಖಾಸಗಿ ಶಾಲೆಯವರು "ನಮ್ಮಲ್ಲಿ ಇಂಥ ಮಕ್ಕಳಿಗೆ ಆಗುವುದಿಲ್ಲ" ಎಂದರೆ ಬರೆದು ಕೊಡಿ ಎಂದು ಕೇಳಿ. ಬರೆದು ಕೊಡಲು ಹಿಂಜರಿಯುತ್ತಾರೆ, ಮಾತು ಅಲ್ಲಿಂದ ಬದಲಾಗುತ್ತದೆ. ಬದಲಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಮನೆಯವರೆಲ್ಲ ನನ್ನನ್ನೇ ದೂರುತ್ತಾರೆ. ಗ್ರಹಣದ ದಿನ ಹೊರಗೆ ಬಂದೆ ಅಂತ, ನನ್ನ ಕಾಲ್ಗುಣ ಅಂತ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ತಿಂದದ್ದು, ನೋಡಿದ್ದು, ನಡೆದದ್ದು ಯಾವುದೂ ಕಾರಣವಲ್ಲ. ಹೆರಿಗೆಯಲ್ಲಿ ಮಗುವಿಗೆ ಆಮ್ಲಜನಕ ಕಡಿಮೆಯಾದದ್ದು, ಅವಧಿಗೆ ಮುಂಚೆ ಹುಟ್ಟಿದ್ದು, ಸೋಂಕು, ವಂಶವಾಹಿಯ ಬದಲಾವಣೆ ಹೀಗೆ ಕಾರಣ ನೂರಿವೆ, ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ವಂಶವಾಹಿ ಎಂದರೂ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುತ್ತದೆ. ಸಾಧ್ಯವಾದರೆ ಮುಂದಿನ ಸಲ ಆಸ್ಪತ್ರೆಗೆ ಅತ್ತೆಯನ್ನೂ ಗಂಡನನ್ನೂ ಕರೆದೊಯ್ಯಿರಿ, ವೈದ್ಯರ ಬಾಯಿಂದಲೇ ಕೇಳಲಿ. ಸೊಸೆ ಹೇಳಿದರೆ ಕೇಳದವರು ಡಾಕ್ಟರು ಹೇಳಿದರೆ ಕೇಳುತ್ತಾರೆ. ದೂರುತ್ತಿದ್ದ ಅಜ್ಜಿಯರೇ ಮೊಮ್ಮಗುವಿನ ವ್ಯಾಯಾಮ ಕಲಿತು ನಿಂತದ್ದೂ ಇದೆ. ಅವರ ದೂರಿನ ಹಿಂದೆ ಅನೇಕ ಸಲ ಇರುವುದು ಹೆದರಿಕೆ.

ನಿದ್ದೆ ಬರುತ್ತಿಲ್ಲ, ಸುಮ್ಮನೆ ಅಳು ಬರುತ್ತದೆ, ಮಗುವನ್ನು ಹೊಡೆದುಬಿಡುತ್ತೇನೆ ಎಂದು ಭಯವಾಗುತ್ತದೆ, ಸತ್ತುಹೋಗೋಣ ಅನ್ನಿಸುತ್ತದೆ ಎಂದಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಇಂಥ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟ ತಾಯಿಯಾಗುವುದಿಲ್ಲ. ಬಹಳ ದಿನದಿಂದ ಬಿಡುವಿಲ್ಲದೆ ದುಡಿದಿದ್ದೀರಿ.

ಅಪ್ಪನ ಪಾತ್ರ ಏನು? ನಾನು ದುಡಿಯಲು ಹೋಗಬೇಕಲ್ಲ.

ದುಡಿಮೆ ಬೇಕು, ಅದಷ್ಟೇ ಸಾಲದು. ತಿಂಗಳಿಗೊಮ್ಮೆಯಾದರೂ ಥೆರಪಿಗೆ ನೀವೇ ಕರೆದೊಯ್ಯಿರಿ. ರಾತ್ರಿ ಊಟವೋ ಸ್ನಾನವೋ ಒಂದು ಕೆಲಸ ಪೂರ್ತಿ ನಿಮ್ಮದಾಗಿರಲಿ. ಹೆಂಡತಿ ತವರಿಗೋ ಮದುವೆಗೋ ಒಂದು ದಿನ ನಿಶ್ಚಿಂತೆಯಾಗಿ ಹೋಗಿ ಬರುವಷ್ಟು ಮಗುವನ್ನು ನೋಡಿಕೊಳ್ಳಲು ಕಲಿಯಿರಿ. ಗಂಡಸರು ಅತ್ತುಕೊಳ್ಳಲಾಗದೆ ಕುಡಿತಕ್ಕೆ ಬಿದ್ದ ಮನೆಗಳಿವೆ. ಮೇಲಿನ ನಂಬರು ಅಪ್ಪಂದಿರಿಗೂ ಹೌದು.

ದೊಡ್ಡ ಮಗಳು "ನಿಮಗೆ ತಮ್ಮ ಒಬ್ಬನೇ" ಅಂದುಬಿಟ್ಟಳು.

ಅವಳು ಹೇಳಿದ್ದು ನಿಜವೇ ಇರಬಹುದು. ದಿನಕ್ಕೆ ಹದಿನೈದು ನಿಮಿಷ ಅವಳೊಬ್ಬಳಿಗೇ ಕೊಡಿ, ಆ ಹೊತ್ತಿನಲ್ಲಿ ತಮ್ಮನ ಸುದ್ದಿ ಬೇಡ. ತಮ್ಮನಿಗೆ ಏನಾಗಿದೆ ಎಂದು ಅವಳ ವಯಸ್ಸಿಗೆ ತಿಳಿಯುವಂತೆ ಹೇಳಿ. ಹೇಳದಿದ್ದರೆ ಮಕ್ಕಳು ತಮ್ಮಿಂದಲೇ ಆಯಿತು ಎಂದೋ, ತಮಗೂ ಬರುತ್ತದೆ ಎಂದೋ ಅಂದುಕೊಳ್ಳುತ್ತಾರೆ. "ನಮ್ಮ ನಂತರ ನೀನೇ ನೋಡಿಕೊಳ್ಳಬೇಕು" ಎಂದು ಎಂಟು ವರ್ಷದ ಹುಡುಗಿಯ ಮೇಲೆ ಹೊರಿಸಬೇಡಿ. ಮುಂದಿನ ವ್ಯವಸ್ಥೆ ಮಾಡುವುದು ದೊಡ್ಡವರ ಕೆಲಸ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ನ್ಯೂನತೆ ಇರುವವರಿಗೆ 18 ತುಂಬಿದ ಮೇಲೆ ಕಾನೂನಿನ ಪಾಲಕರನ್ನು ನೇಮಿಸಿಕೊಡಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿ ಇದೆ.

ಇನ್ನೊಂದು ಮಗು ಮಾಡಿಕೊಳ್ಳಬಹುದಾ? ನಮ್ಮದು ಸೋದರಮಾವನ ಸಂಬಂಧ.

ಗರ್ಭ ಧರಿಸುವ ಮುಂಚೆಯೇ ತಳಿ ಸಮಾಲೋಚನೆಗೆ, ಅಂದರೆ ವಂಶವಾಹಿ ತಜ್ಞರ ಸಲಹೆಗೆ ಹೋಗಿ. ಮೊದಲ ಮಗುವಿನ ತೊಂದರೆಗೆ ಕಾರಣ ಖಚಿತವಾಗಿದ್ದರೆ ಮಾತ್ರ ಮುಂದಿನದರ ಬಗ್ಗೆ ಲೆಕ್ಕ ಹೇಳಬಹುದು, ಆದ್ದರಿಂದ ಮೊದಲ ಮಗುವಿನ ಪರೀಕ್ಷೆ ಆಗಿರಲಿ. ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷವುಳ್ಳ ವಂಶವಾಹಿ ಇರುವ ಸಾಧ್ಯತೆ ಹೆಚ್ಚು. ಅಂಥ ಕಾಯಿಲೆಯಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಹೆರಿಗೆಯ ತೊಡಕಿನಿಂದ ಆಗಿದ್ದರೆ ಮಾತೇ ಬೇರೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಇದೇ ಕೆಲಸಕ್ಕಿದೆ.

ನಾವು ಆ ಮಗುವಿನ ಚಿಕ್ಕಮ್ಮ, ದೊಡ್ಡಪ್ಪ. ನಮ್ಮಿಂದ ಏನಾಗುತ್ತದೆ?

"ಏನಾದರೂ ಬೇಕಾದರೆ ಹೇಳಿ" ಎಂದರೆ ಅವರು ಹೇಳುವುದಿಲ್ಲ. ಒಂದು ಕೆಲಸ ಹಿಡಿದು ಕೇಳಿ: "ಗುರುವಾರ ನಾನು ಮಗುವನ್ನು ನೋಡಿಕೊಳ್ಳುತ್ತೇನೆ, ನೀನು ಮಲಗು", "ನಾಡಕಚೇರಿಗೆ ನಾನು ಹೋಗಿ ಬರುತ್ತೇನೆ, ಕಾಗದ ಕೊಡು". ಮದುವೆ, ಗೃಹಪ್ರವೇಶಕ್ಕೆ ಕರೆಯುವಾಗ ಮಗುವಿನ ಹೆಸರು ಹೇಳಿಯೇ ಕರೆಯಿರಿ. ಬಂದಾಗ ಗದ್ದಲವಿಲ್ಲದ ಒಂದು ಕೋಣೆ ಬಿಟ್ಟುಕೊಡಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ. ಮಗು ಕಿರುಚಿದರೆ ಎಲ್ಲರೂ ತಿರುಗಿ ನೋಡದಿರಲಿ. "ಅಯ್ಯೋ ಪಾಪ", "ಯಾವ ಡಾಕ್ಟರಿಗೆ ತೋರಿಸಿದಿರಿ, ನಮಗೆ ಗೊತ್ತಿರುವವರೊಬ್ಬರಿದ್ದಾರೆ" ಎಂಬೆರಡು ಮಾತನ್ನು ಆ ತಾಯಿ ಪ್ರತಿ ಸಮಾರಂಭದಲ್ಲೂ ಕೇಳಿರುತ್ತಾಳೆ. ಮಗುವಿನ ಹತ್ತಿರ ಕೂತು, ಅದು ಮಾತಾಡದಿದ್ದರೂ ಅದರ ಜೊತೆಯೇ ಮಾತಾಡಿ. ನಿಮ್ಮ ಮಕ್ಕಳನ್ನೂ ಆಟಕ್ಕೆ ಕಳಿಸಿ. ವಾರಕ್ಕೆ ಎರಡು ದಿನ ತಾಯಿಯ ಜೊತೆ ಥೆರಪಿಗೆ ಹೋಗುವ ಸರದಿಯನ್ನು ನೆಂಟರಲ್ಲೇ ಮೂರು ನಾಲ್ಕು ಜನ ಹಂಚಿಕೊಂಡರೆ ತಿಂಗಳಿಗೆ ಒಬ್ಬೊಬ್ಬರಿಗೆ ಬರುವುದು ಎರಡು ಮೂರು ದಿನವಷ್ಟೇ.